ಹುಡ್ ತೆಗೆ

ಶುಕ್ರವಾರ ಕ್ರಿಕೆಟ್ಟು, ಶನಿವಾರ ಸಾಫ್ಟ್‌ಬಾಲು.
ರಿಫಾದ ಆಚೆ, ಕೊಳವೆ ಸಾಲಿನ ಪಕ್ಕ
ಒಂದೇ ಮರಳಿಗೆ ಎರಡು ಬಗೆಯ ಸುಣ್ಣದ ಗೆರೆ.
ಅಂಪೈರು ಮಾತ್ರ ಒಬ್ಬಳೇ, ನಾನು,
ಉಪ್ಪಿನಂಗಡಿಯ ಮಿಸ್ರಿಯಾ,
ಉಳಿದೈದು ದಿನ ಶಾಲೆಯಲ್ಲಿ ಪೀಟಿ ಟೀಚರು.

ಶುಕ್ರವಾರ ನನ್ನ ತಲೆ ನನ್ನದಲ್ಲ.
ಮೊದಲು ಒಳಟೊಪ್ಪಿ, ಮೇಲೆ ಬಿಳಿ ಸ್ಕಾರ್ಫು,
ಅದರ ಮೇಲೆ ಅಗಲ ಅಂಚಿನ ಹ್ಯಾಟು.
ಬೌಲಿಂಗಿಗೆ ಬಂದವನು ಕ್ಯಾಪು ಬಿಚ್ಚಿ
"ಮೇಡಂ, ಸ್ವಲ್ಪ ಹಿಡೀರಿ" ಅನ್ನುತ್ತಾನೆ.
ನನ್ನ ಕೈಯಲ್ಲಿ ಬಾಲೆಣಿಸುವ ಆರು ಹುಣಸೆಬೀಜ,
ಹಾಗಾಗಿ ಅದನ್ನೂ ತಲೆಗೇ ಏರಿಸುತ್ತೇನೆ.
ದೂರದಿಂದ ಕಂಡವರಿಗೆ ಸಂತೆಗೆ ಹೊರಟವಳು.
ಎಲ್ಬಿ ಕೊಟ್ಟರೆ ಮಂಜೇಶ್ವರದ ಹುಡುಗ ಗೊಣಗುತ್ತಾನೆ,
"ಟೊಪ್ಪಿ ಹಾಕಿದಳು."
ನಾಲ್ಕಿವೆ ಮಾರಾಯ, ಯಾವುದು ಬೇಕು?

ಶನಿವಾರ ಬೇರೆ ಶಾಸ್ತ್ರ, ಅಮೆರಿಕದವರದ್ದು.
ಪಿಚ್ಚು ಅಂದರೆ ನೆಲವಲ್ಲ, ಎಸೆತ.
ಸ್ಟ್ರೈಕು ಅಂದರೆ ಹೊಡೆದದ್ದಲ್ಲ, ತಪ್ಪಿದ್ದು.
ಇನ್ನಿಂಗ್ಸಿನ ಬಾಲದ 'ಸ್'
ಹಡಗಿನಲ್ಲಿ ಬರುವಾಗ ಎಲ್ಲೋ ನೀರಿಗೆ ಬಿದ್ದಿದೆ.
ಔಟೆಂದರೆ ಬೆರಳಲ್ಲ, ಮುಷ್ಟಿ.
ಮೊದಲ ವಾರ ನಾನು ಬೆರಳೆತ್ತಿ ನಿಂತೆ,
ಎರಡನೇ ಬೇಸಿನ ಹುಡುಗಿ ಆಕಾಶ ನೋಡಿದಳು,
ವಿಮಾನ ಗಿಮಾನ ಬಂತೇ ಅಂತ.

ತಲೆಯ ಲೆಕ್ಕವೂ ಬೇರೆ.
ಮುಖದ ಮೇಲೆ ಉಕ್ಕಿನ ಜಾಲರಿ ಇಳಿಯಬೇಕು,
ಅಗಲದ ಅಂಚು ಕೂಡದು,
ಎರಡು ಬೆರಳಗಲದ ಕೊಕ್ಕು ಸಾಕು.
ಪಿನ್ನು ಚುಚ್ಚೀತು ಅಂತ ಸ್ಕಾರ್ಫಿಗೆ
ಅಯಸ್ಕಾಂತದ ಗುಂಡಿ ಹಾಕಿದೆ,
ಅದು ಜಾಲರಿಗೇ ಕಚ್ಚಿಕೊಂಡಿತು;
ಬಿಡಿಸಿಕೊಳ್ಳುವಷ್ಟರಲ್ಲಿ ಒಂದು ಎಸೆತ ಯಾರೂ ನೋಡದೆ ಹೋಯಿತು.
ಕೊನೆಗೆ ಮನಾಮದ ಬಂಗಾಳಿ ದರ್ಜಿ ರೊಕಿಬುಲ್
ಹಳೆ ಕ್ಯಾಪಿನ ಅಂಚು ಕತ್ತರಿಸಿ
ಸ್ಕಾರ್ಫನ್ನು ಅದಕ್ಕೇ ಹೊಲಿದುಕೊಟ್ಟ.
ಇದಕ್ಕೇನು ಹೇಳುವುದು ಅಂತ ಕೇಳಿದೆ.
"ಅರ್ಧ ದಿನಾರು" ಅಂದ.

ಮೇ ತಿಂಗಳು. ಆಟ ಮುಗಿದ ಸಂಜೆ,
ಪಾರ್ಕಿಂಗಿನಲ್ಲಿ ಉಳಿದದ್ದು ನಾವಿಬ್ಬರೇ,
ನಾನು, ಲೀಗು ನಡೆಸುವ ಲೊರೇನ್.
ಕಾರಿನೊಳಗಿಂದ ಗಾಜು ಇಳಿಸಿ ಕೂಗಿದಳು,
"ಸ್ವಲ್ಪ ಹುಡ್ ತೆಗೀತೀಯಾ?"

ನನ್ನ ಕೈ ತಾನಾಗಿ ಗದ್ದದ ಕೆಳಗೆ ಹೋಯಿತು.
ಎರಡು ವರ್ಷದ ಪರಿಚಯ.
ಒಂದು ದಿನವೂ ಕೇಳಿದವಳಲ್ಲ.
ಇವತ್ತು ಯಾಕೆ? ಯಾರು ಹೇಳಿಕೊಟ್ಟರು?
"ತೆಗೆಯುವುದಿಲ್ಲ" ಅಂದೆ.
"ಹೊಗೆ ಬರ್ತಿದೆ" ಅಂದಳು.
"ಬರಲಿ" ಅಂದೆ.

ಆಮೇಲೆ ಮೂಗಿಗೆ ಸುಟ್ಟ ರಬ್ಬರು.

ಓ. ಬಾನೆಟ್ಟು.

ಸಲ್ಮಾಬಾದಿನ ಗ್ಯಾರೇಜಿನವನ ಮಗಳು ನಾನು.
ಉಪ್ಪ ಕೊನೆಯ ತನಕ ಅದನ್ನು ಬಾನೆಟ್ಟು ಅಂದರು,
ಅವರ ಅರಬ್ಬಿ ಗಿರಾಕಿಗಳು ಬನೀದ್ ಅಂದರು,
ಹುಡ್ ಅಂದವರು ಆ ಬೀದಿಗೆ ಬಂದಿರಲಿಲ್ಲ.
ನಿನ್ನೆಯ ಬೌಲರು ಮರೆತ ಕ್ಯಾಪು ಬ್ಯಾಗಿನಲ್ಲಿತ್ತು,
ಅದರಲ್ಲೇ ಹಿಡಿದು ಕೊಕ್ಕೆ ಎತ್ತಿದೆ.
ಲೊರೇನ್ ಇಳಿದು ಬಂದು ರೇಡಿಯೇಟರಿಗೆ ಕೈ ಚಾಚಿದಳು.
ಬೇಡ, ಅಂದೆ. ಅದಕ್ಕೂ ಒಂದು ಕ್ಯಾಪಿದೆ,
ಕುದಿಯುವಾಗ ಯಾರೂ ಅದನ್ನು ತೆಗೆಸಬಾರದು.

ಕಾಯುತ್ತ ನಿಂತಾಗ ನನ್ನ 'ಬರಲಿ'ಯ ಅರ್ಥ ಹೇಳಿದೆ.
ಅವಳು ಮೊದಲು ಕೆಂಪಾದಳು, ಆಮೇಲೆ ನಕ್ಕಳು,
ನಡುವೆಯೇ ನಗು ನಿಲ್ಲಿಸಿ ನನ್ನ ಮುಖ ನೋಡಿದಳು.
"ನಮ್ಮಲ್ಲಿ ಬಾನೆಟ್ಟು ಅಂದರೆ
ಕೂಸಿನ ತಲೆಗೆ ಕಟ್ಟುವುದು."
ಕುಲಾವಿ, ಅಂದೆ.
ಕುಲಾವಿ, ಅಂದಳು, 'ಳ' ಇಲ್ಲದ ಕಡೆಯೂ 'ಳ' ಹಾಕಿ.
ಅವಳ ಕಾರೂ ನನ್ನಪ್ಪನ ಕಾರೂ
ತಲೆಯ ಬಟ್ಟೆಯ ಹೆಸರನ್ನೇ ಹೊದ್ದುಕೊಂಡಿವೆ, ನೋಡು,
ಅಂದುಕೊಂಡೆ; ಹೇಳಲಿಲ್ಲ.
ಎಂಜಿನ್ನು ಟಿಕ್ ಟಿಕ್ ಅನ್ನುತ್ತ ತಣಿಯುತ್ತಿತ್ತು.

ಮುಂದಿನ ಶುಕ್ರವಾರ ಬೌಲರು ಕ್ಯಾಪು ತಿರುಗಿಸಿ ನೋಡಿದ.
"ಇದೇನು ಮೇಡಂ, ಗ್ರೀಸು?"
ಒಂದು ಹುಣಸೆಬೀಜ ಎಡ ಜೇಬಿನಿಂದ ಬಲಕ್ಕೆ ದಾಟಿಸಿದೆ.
ಇನ್ನೆರಡು ಬಾಲಿದೆ, ಹೋಗು.